1,198 ದಿನ ಕೂತು ಪಡೆದದ್ದು ಹಕ್ಕಲ್ಲ

2022ರ ಏಪ್ರಿಲ್ 4ರಂದು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಲ್ಲಿ ರೈತರು ಧರಣಿ ಕೂತರು. ಆ ಹೋಬಳಿಯ ಹದಿಮೂರು ಹಳ್ಳಿಗಳ 1,777 ಎಕರೆ ಜಮೀನನ್ನು ವೈಮಾನಿಕ ಮತ್ತು ರಕ್ಷಣಾ ಉದ್ದಿಮೆಗಳಿಗೆಂದು ಸರ್ಕಾರ ಗುರುತು ಹಾಕಿತ್ತು. ಮೂರು ಯುಗಾದಿ ಧರಣಿಯಲ್ಲೇ ಕಳೆದವು. ನಡುವೆ ವಿಧಾನಸಭಾ ಚುನಾವಣೆ ಬಂತು, ಸರ್ಕಾರ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ಧರಣಿಗೆ ಬಂದು ಬೆಂಬಲ ಹೇಳಿ ಹೋದವರೇ ಅಧಿಕಾರಕ್ಕೆ ಬಂದರು. ಸ್ವಾಧೀನದ ಕಡತ ಮಾತ್ರ ಮೇಜಿನಿಂದ ಮೇಜಿಗೆ ಸಾಗುತ್ತಲೇ ಇತ್ತು. 2025ರ ಜೂನ್ 25ರಂದು ದೇವನಹಳ್ಳಿಯಲ್ಲಿ ಸೇರಿದ್ದ ಪ್ರತಿಭಟನಕಾರರನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. ಮೂರು ವಾರ ತುಂಬುವುದರೊಳಗೆ, ಜುಲೈ 15ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಘೋಷಿಸಿದರು. ಧರಣಿಗೆ ಅಂದಿಗೆ 1,198 ದಿನ.

ಅದು ದೊಡ್ಡ ಗೆಲುವೇ. ಅದನ್ನು ಸಣ್ಣದು ಮಾಡುವ ಉದ್ದೇಶ ಯಾರಿಗೂ ಇರಬಾರದು. ಆದರೆ ಆ ದಿನ ಗೆದ್ದದ್ದು ಏನು ಎಂದು ಒಮ್ಮೆ ಕೇಳಿಕೊಳ್ಳಬೇಕು. ಆ 1,777 ಎಕರೆಯನ್ನು ಉಳಿಸಿದ್ದು ಯಾವ ಕಾಯ್ದೆಯೂ ಅಲ್ಲ, ಯಾವ ನ್ಯಾಯಾಲಯದ ತೀರ್ಪೂ ಅಲ್ಲ. ಮೂರು ವರ್ಷ ಬಿಸಿಲು ಮಳೆಯಲ್ಲಿ ಕೂತವರ ಹಟಕ್ಕೆ, ಸಂಘಟನೆಗಳ ಒತ್ತಡಕ್ಕೆ, ಟೀವಿ ಕ್ಯಾಮೆರಾಗಳ ಮುಂದೆ ನಡೆದ ಬಂಧನಗಳಿಗೆ ಒಂದು ಸರ್ಕಾರ ಮಣಿಯಿತು. ಮಣಿಯದೆ ಇದ್ದಿದ್ದರೆ? ಕಾನೂನಿನ ಪ್ರಕಾರ ಅದನ್ನು ಮಣಿಸುವ ದಾರಿ ರೈತರ ಕೈಯಲ್ಲಿ ಬಹಳ ಕಡಿಮೆ ಇತ್ತು.

2011ರಲ್ಲೂ ಇಂಥದೇ ನಡೆದಿತ್ತು. ಗದಗ ಜಿಲ್ಲೆಯ ಹಳ್ಳಿಗುಡಿಯ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ಹಿಡಿಯಲು ಹೊರಟ ಸರ್ಕಾರ, ರೈತರ ಜತೆ ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರೂ ಎದುರು ನಿಂತ ಮೇಲೆ ಹಿಂದೆ ಸರಿಯಿತು. ಹಳ್ಳಿಗುಡಿಗೆ ಮಠದ ಬಲವಿತ್ತು. ದೇವನಹಳ್ಳಿಗೆ ರಾಜಧಾನಿಯ ನೆರೆಹೊರೆಯ ಬಲವಿತ್ತು. ಎರಡೂ ಇಲ್ಲದ ಹಳ್ಳಿಗೆ ಯಾವ ಬಲ? ಮಠ ಬೇಕು, ಮಾಧ್ಯಮ ಬೇಕು, ಮೂರು ವರ್ಷ ಕೂಲಿ ಬಿಟ್ಟು ಕೂರುವ ತಾಳ್ಮೆ ಬೇಕು ಎಂದಾದರೆ ಅದಕ್ಕೆ ಹಕ್ಕು ಎನ್ನಲಾಗದು. ಅದು ಆಳುವವರ ಕೃಪೆ. ಕೃಪೆ ಇವತ್ತು ಬರುತ್ತದೆ, ನಾಳೆ ಬಾರದೆಯೂ ಇರಬಹುದು.

ಮುಂಬಾಗಿಲು, ಹಿಂಬಾಗಿಲು

ಭಾರತದಲ್ಲಿ ಭೂಮಾಲೀಕರಿಗೆ ರಕ್ಷಣೆಯೇ ಇಲ್ಲ ಎಂದಲ್ಲ. ಬ್ರಿಟಿಷರು 1894ರಲ್ಲಿ ಬರೆದ ಭೂಸ್ವಾಧೀನ ಕಾಯ್ದೆ ನೂರಿಪ್ಪತ್ತು ವರ್ಷ ಬಾಳಿತು. ಪುಣೆಯ ಓದುಗರಿಗೆ ಮುಳಶಿಯ ಹೆಸರು ಹೊಸದಲ್ಲ. ಮುಂಬಯಿಗೆ ವಿದ್ಯುತ್ ಕೊಡಲು ಟಾಟಾ ಕಂಪನಿ ಕಟ್ಟಲು ಹೊರಟ ಅಣೆಕಟ್ಟಿಗೆ ಅಲ್ಲಿನ ಮಾವಳ ರೈತರ ಭೂಮಿ ಹೋಗಿದ್ದು ಇದೇ ಕಾಯ್ದೆಯ ಬಲದಿಂದ. ಅದರ ವಿರುದ್ಧ 1921ರಲ್ಲಿ ಎದ್ದ ಮುಳಶಿ ಸತ್ಯಾಗ್ರಹದಿಂದಲೇ ಪಾಂಡುರಂಗ ಮಹಾದೇವ ಬಾಪಟರು ‘ಸೇನಾಪತಿ’ ಬಾಪಟ್ ಎನಿಸಿಕೊಂಡರು. ಅಣೆಕಟ್ಟು ಎದ್ದು ನಿಂತಿತು, ಹಳ್ಳಿಗಳು ಮುಳುಗಿದವು. ಸ್ವಾತಂತ್ರ್ಯ ಬಂದ ಮೇಲೂ ಕಾಯ್ದೆ ಹಾಗೆಯೇ ಉಳಿಯಿತು. ಸಂವಿಧಾನದಲ್ಲಿ ಮೂಲಭೂತ ಹಕ್ಕಾಗಿದ್ದ ಆಸ್ತಿಯ ಹಕ್ಕನ್ನು 1978ರ 44ನೇ ತಿದ್ದುಪಡಿ ಆ ಪಟ್ಟಿಯಿಂದ ತೆಗೆದು, 300ಎ ವಿಧಿಯಡಿ ಸಾಂವಿಧಾನಿಕ ಹಕ್ಕಾಗಿ ಇರಿಸಿತು. ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎಂಬುದಷ್ಟೇ ಅದರ ಸಾರ. ಹಾಗಾಗಿ ಉಳಿದ ಪ್ರಶ್ನೆ ಒಂದೇ: ಆ ಕಾನೂನು ಎಂಥದ್ದು?

ಸಿಂಗೂರು, ನಂದಿಗ್ರಾಮಗಳ ನಂತರ ಸಂಸತ್ತು ಈ ಪ್ರಶ್ನೆಗೆ 2013ರಲ್ಲಿ ಉತ್ತರ ಕೊಟ್ಟಿತು. 2014ರ ಜನವರಿ 1ರಂದು ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ, ಭೂಮಿಗೆ ಕೈ ಹಾಕುವ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕು. ಯೋಜನೆ ನಿಜಕ್ಕೂ ಸಾರ್ವಜನಿಕ ಉದ್ದೇಶದ್ದೇ, ಇಷ್ಟು ಭೂಮಿ ಬೇಕೇ, ಬೇರೆ ಜಾಗ ಇಲ್ಲವೇ ಎಂಬುದನ್ನು ಪರಿಶೀಲಿಸಬೇಕು. ಖಾಸಗಿ ಕಂಪನಿಗೆ ಭೂಮಿ ಹೋಗುವುದಾದರೆ ಶೇ 80ರಷ್ಟು, ಸರ್ಕಾರ ಮತ್ತು ಖಾಸಗಿಯವರ ಜಂಟಿ ಯೋಜನೆಯಾದರೆ ಶೇ 70ರಷ್ಟು ಒಪ್ಪಿಗೆ ಬೇಕು. ಪ್ರಾಥಮಿಕ ಅಧಿಸೂಚನೆಯಾದ ಹನ್ನೆರಡು ತಿಂಗಳಲ್ಲಿ ಅಂತಿಮ ಘೋಷಣೆ, ಅದಾದ ಹನ್ನೆರಡು ತಿಂಗಳಲ್ಲಿ ಪರಿಹಾರದ ಐತೀರ್ಪು. ಗಡುವು ಮೀರಿದರೆ, ಮತ್ತು ಸರ್ಕಾರ ಅದನ್ನು ಕಾರಣ ಕೊಟ್ಟು ವಿಸ್ತರಿಸದಿದ್ದರೆ, ಪ್ರಕ್ರಿಯೆ ಬಿದ್ದುಹೋಗುತ್ತದೆ. ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಆ ನೆಲವನ್ನೇ ನಂಬಿ ಮೂರು ವರ್ಷದಿಂದ ಬದುಕುತ್ತಿರುವ ಗೇಣಿದಾರರು, ಕೂಲಿಕಾರರು ಕೂಡ ಬಾಧಿತ ಕುಟುಂಬಗಳೇ. ಅವರಿಗೂ ಪುನರ್ವಸತಿ ಸಲ್ಲಬೇಕು.

ಇದು ಮುಂಬಾಗಿಲು. ಕರ್ನಾಟಕ ಸರ್ಕಾರ ಕೈಗಾರಿಕೆಗೆ ಭೂಮಿ ಹಿಡಿಯುವಾಗ ಈ ಬಾಗಿಲಿನಿಂದ ಬರುವುದಿಲ್ಲ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ ಎಂಬ ಹಿಂಬಾಗಿಲಿದೆ. ಎಲ್ಲರ ಬಾಯಲ್ಲಿ ಅದು ಕೆಐಎಡಿಬಿ ಕಾಯ್ದೆ. ಅದರ 28ನೇ ಸೆಕ್ಷನ್ ಪ್ರಕಾರ ಸರ್ಕಾರ ಪ್ರಾಥಮಿಕ ಅಧಿಸೂಚನೆ ಹೊರಡಿಸುತ್ತದೆ, ಮಾಲೀಕರಿಗೆ ನೋಟಿಸು ಕೊಟ್ಟು ಆಕ್ಷೇಪಣೆ ಕೇಳುತ್ತದೆ, ಅಂತಿಮ ಅಧಿಸೂಚನೆ ಪ್ರಕಟಿಸುತ್ತದೆ. ಅದು ಪ್ರಕಟವಾದ ಕ್ಷಣ ಭೂಮಿ ಸರ್ಕಾರದ್ದಾಗುತ್ತದೆ. ಸಾಮಾಜಿಕ ಪರಿಣಾಮದ ಅಧ್ಯಯನ ಇಲ್ಲ. ಶೇ 80ರ ಒಪ್ಪಿಗೆಯ ಮಾತಿಲ್ಲ. ಗೇಣಿದಾರ, ಕೂಲಿಕಾರ ಎಂಬವರು ಈ ಕಾಯ್ದೆಯ ಕಣ್ಣಿಗೆ ಬೀಳುವುದೇ ಇಲ್ಲ. ಇಷ್ಟು ದಿನದಲ್ಲಿ ಮುಗಿಸಬೇಕೆಂಬ ಗಡುವೂ ಇಲ್ಲ. 1894ರ ಕಾಯ್ದೆಯಲ್ಲಿ ಕೂಡ ಎರಡು ವರ್ಷದಲ್ಲಿ ಐತೀರ್ಪು ಆಗದಿದ್ದರೆ ಸ್ವಾಧೀನ ರದ್ದಾಗುವ ನಿಯಮವೊಂದನ್ನು ನಂತರ ಸೇರಿಸಲಾಗಿತ್ತು. ಕೆಐಎಡಿಬಿ ಸ್ವಾಧೀನಕ್ಕೆ ಆ ನಿಯಮ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ವಿಷಯದಲ್ಲೂ ಅದೇ ವರ್ಷ ಅದೇ ಮಾತು ಬಂತು. ಬ್ರಿಟಿಷ್ ಕಾಲದ ಕಾಯ್ದೆಯಲ್ಲಿ ಸಿಕ್ಕ ಸಣ್ಣ ರಕ್ಷಣೆಯೂ ರಾಜ್ಯದ ಕಾಯ್ದೆಯಡಿ ಸಿಗದು.

ಇನ್ನೊಂದು ಜಾಣತನವೂ ಇದರಲ್ಲಿದೆ. ಕಾಗದದ ಮೇಲೆ ಭೂಮಿ ಹೋಗುವುದು ಸರ್ಕಾರಿ ಮಂಡಳಿಗೆ. ಮಂಡಳಿ ಅದನ್ನು ನಿವೇಶನ ಮಾಡಿ ಕಂಪನಿಗಳಿಗೆ ಹಂಚುತ್ತದೆ. ರೈತನಿಂದ ಕಂಪನಿಗೆ ನೇರವಾಗಿ ಹೋದರೆ ಖಾಸಗಿ ಉದ್ದೇಶ ಎನಿಸುವುದು, ನಡುವೆ ಒಂದು ಮಂಡಳಿಯ ಮೊಹರು ಬಿದ್ದೊಡನೆ ಸಾರ್ವಜನಿಕ ಉದ್ದೇಶವಾಗಿಬಿಡುತ್ತದೆ.

ಕರ್ನಾಟಕ ಒಂದೇ ಹೀಗೆ ಮಾಡುತ್ತಿಲ್ಲ. ಮಹಾರಾಷ್ಟ್ರಕ್ಕೆ 1961ರ ಕೈಗಾರಿಕಾ ಅಭಿವೃದ್ಧಿ ಕಾಯ್ದೆ ಇದೆ. ತಮಿಳುನಾಡಿಗೆ ಕೈಗಾರಿಕಾ ಉದ್ದೇಶಗಳಿಗೆ ಭೂಮಿ ಹಿಡಿಯುವ 1997ರ ಕಾಯ್ದೆ ಇದೆ. ಸಂಸತ್ತು ಒಂದು ಬಾಗಿಲು ಕಟ್ಟಿದರೆ ಪ್ರತಿ ರಾಜ್ಯವೂ ತನ್ನ ಹಿತ್ತಿಲ ಬಾಗಿಲನ್ನು ತೆರೆದೇ ಇಟ್ಟುಕೊಂಡಿದೆ. ಸಾಲದು ಎಂಬಂತೆ 2019ರಲ್ಲಿ ಕರ್ನಾಟಕ 2013ರ ಕಾಯ್ದೆಗೇ ತನ್ನದೊಂದು ತಿದ್ದುಪಡಿ ತಂದು, ಕೆಲವು ವರ್ಗದ ಯೋಜನೆಗಳಿಗೆ ಸಾಮಾಜಿಕ ಪರಿಣಾಮದ ಅಧ್ಯಯನದಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಪಡೆದುಕೊಂಡಿತು. ಈ ವಿಷಯದಲ್ಲಿ ಪಕ್ಷಭೇದವಿಲ್ಲ. ಚನ್ನರಾಯಪಟ್ಟಣದ ಅಧಿಸೂಚನೆ ಒಂದು ಪಕ್ಷದ ಕಾಲದ್ದು, ಪೊಲೀಸ್ ಬಂಧನ ಇನ್ನೊಂದು ಪಕ್ಷದ ಕಾಲದ್ದು.

ಕಳೆದುಹೋದ ವರ್ಷಗಳ ಲೆಕ್ಕ

ಸ್ವಾಧೀನ ಎಂದೊಡನೆ ಎಲ್ಲರೂ ಎಕರೆಗೆ ಎಷ್ಟು ಎಂದು ಕೇಳುತ್ತಾರೆ. ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ವರ್ಷ’ ಎಂಬುದು.

ಪ್ರಾಥಮಿಕ ಅಧಿಸೂಚನೆ ಹೊರಟಾಗ ಭೂಮಿ ಇನ್ನೂ ರೈತನ ಹೆಸರಿನಲ್ಲೇ ಇರುತ್ತದೆ. ಆದರೆ ಪಹಣಿಯ ಹನ್ನೊಂದನೇ ಕಾಲಂನಲ್ಲಿ ಸ್ವಾಧೀನದ ಒಂದು ಸಾಲು ಸೇರಿದರೆ ಮುಗಿಯಿತು. ಬ್ಯಾಂಕಿನವರು ಬೆಳೆ ಸಾಲಕ್ಕೆ ಹಿಂದೆಮುಂದೆ ನೋಡುತ್ತಾರೆ. ಕೊಳ್ಳುವವರು ಬರುವುದಿಲ್ಲ, ಬಂದರೂ ಅರ್ಧ ಬೆಲೆ ಕೇಳುತ್ತಾರೆ. ಕೊಳವೆಬಾವಿ ಕೊರೆಸುವುದೋ ಬೇಡವೋ, ತೋಟ ಹಾಕುವುದೋ ಬೇಡವೋ, ಮಗಳ ಮದುವೆಗೆ ಎರಡು ಎಕರೆ ಮಾರುವುದು ಸಾಧ್ಯವೋ ಇಲ್ಲವೋ ಯಾವುದೂ ತೀರ್ಮಾನವಾಗುವುದಿಲ್ಲ. ಭೂಮಿ ಇದೆ, ಆದರೆ ಇಲ್ಲ. ಈ ಸ್ಥಿತಿ ಎಷ್ಟು ಕಾಲ ಇರಬಹುದು ಎಂಬುದಕ್ಕೆ ಕಾಯ್ದೆಯಲ್ಲಿ ಮಿತಿಯಿಲ್ಲದಿದ್ದರೆ, ವಿಳಂಬದಿಂದ ಸರ್ಕಾರಕ್ಕೆ ಒಂದು ಪೈಸೆಯ ನಷ್ಟವೂ ಇಲ್ಲ. ನಷ್ಟವೆಲ್ಲ ಒಂದೇ ಕಡೆಯದು.

ಡಾ. ಶಿವರಾಮ ಕಾರಂತರ ಹೆಸರಿನ ಬಡಾವಣೆಯ ಕಥೆ ನೋಡಿದರೆ ಸಾಕು. ಬೆಂಗಳೂರಿನ ಉತ್ತರಕ್ಕೆ ಹದಿನೇಳು ಹಳ್ಳಿಗಳ 3,546 ಎಕರೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2008ರ ಡಿಸೆಂಬರ್‌ನಲ್ಲಿ. ಅಂತಿಮ ಅಧಿಸೂಚನೆ ಬಂದದ್ದು ಸುಪ್ರೀಂ ಕೋರ್ಟ್ ಮುಂದುವರಿಯಿರಿ ಎಂದ ಮೇಲೆ, 2018ರಲ್ಲಿ. ನಡುವಿನ ಹತ್ತು ವರ್ಷ ಯೋಜನೆ ಸತ್ತಿತು ಎಂದುಕೊಂಡು ಮನೆ ಕಟ್ಟಿದವರು, ಸೈಟು ಕೊಂಡವರು, ತೋಟ ಮಾಡಿದವರು ಒಂದು ಬೆಳಿಗ್ಗೆ ಎದ್ದಾಗ ಮತ್ತೆ ಅದೇ ನಕ್ಷೆಯೊಳಗಿದ್ದರು.

ಕೆಐಎಡಿಬಿಯ ಇನ್ನೊಂದು ಪ್ರಕರಣ 2025ರ ಜನವರಿ 2ರಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್ ಯೋಜನೆಗೆ ಜಮೀನು ಕಳೆದುಕೊಂಡವರ ಪ್ರಕರಣವದು. ದೂರುದಾರರು ದೊಡ್ಡ ಜಮೀನ್ದಾರರೇನಲ್ಲ. 1995ರಿಂದ 1997ರ ನಡುವೆ ಮನೆ ಕಟ್ಟಲೆಂದು ನಿವೇಶನ ಕೊಂಡವರು. 2003ರಲ್ಲಿ ಪ್ರಾಥಮಿಕ ಅಧಿಸೂಚನೆಯಾಯಿತು. 2005ರಲ್ಲಿ ಜಾಗ ಕೈಬಿಟ್ಟುಹೋಯಿತು. ಪರಿಹಾರದ ಐತೀರ್ಪು ಆದದ್ದು 2019ರ ಏಪ್ರಿಲ್‌ನಲ್ಲಿ, ಅದೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಮೇಲೆ. ಅದರಲ್ಲಿ ಲೆಕ್ಕ ಹಿಡಿದ ದರ 2011ರದ್ದು. ಸುಪ್ರೀಂ ಕೋರ್ಟ್ ತನ್ನ ವಿಶೇಷಾಧಿಕಾರ ಬಳಸಿ 2019ರ ಮಾರುಕಟ್ಟೆ ದರ ಕೊಡಬೇಕೆಂದು ಆದೇಶಿಸಿತು. ಹಳೆಯ ದರವನ್ನೇ ಕೊಟ್ಟರೆ ಅದು ನ್ಯಾಯದ ಅಣಕವಾಗುತ್ತದೆ ಎಂಬ ಅರ್ಥದ ಮಾತನ್ನೂ, ಅಧಿಕಾರಿಗಳ ಆಲಸ್ಯದ ಬಗ್ಗೆ ಕಟುವಾದ ಟೀಕೆಯನ್ನೂ ತೀರ್ಪಿನಲ್ಲಿ ಸೇರಿಸಿತು.

ಈ ತೀರ್ಪನ್ನು ಹೊಗಳುವವರು ಒಂದು ಲೆಕ್ಕ ಮರೆಯುತ್ತಾರೆ. 2003ರಿಂದ 2025ಕ್ಕೆ ಇಪ್ಪತ್ತೆರಡು ವರ್ಷ. ನಲವತ್ತರ ವಯಸ್ಸಿನಲ್ಲಿ ಮನೆ ಕಟ್ಟುವ ಆಸೆಯಿಂದ ಸೈಟು ಕೊಂಡವನಿಗೆ ಪರಿಹಾರದ ಸರಿಯಾದ ಲೆಕ್ಕ ಸಿಗುವ ಹೊತ್ತಿಗೆ ಎಪ್ಪತ್ತರ ಹತ್ತಿರ. ದೆಹಲಿಯವರೆಗೆ ವಕೀಲರನ್ನು ಇಟ್ಟು ಹೋರಾಡುವ ಶಕ್ತಿ ಇದ್ದವರ ಪಾಡು ಇದು. ಅದೇ ದಾರಿಯಲ್ಲಿ ಅರ್ಧ ಎಕರೆ ಕಳೆದುಕೊಂಡ ಹಳ್ಳಿಯವನು ದೆಹಲಿಗೆ ಹೋಗುವುದು ಹೇಗೆ?

ನೋಟಿಸು ಯಾರ ಹೆಸರಿಗೆ

ಹಳ್ಳಿಯ ಪಹಣಿ ತೆಗೆದು ನೋಡಿದರೆ ಸತ್ತವರ ಹೆಸರುಗಳೇ ಹೆಚ್ಚು. ಅಜ್ಜ ತೀರಿಕೊಂಡು ಮೂವತ್ತು ವರ್ಷ, ಖಾತೆ ಇನ್ನೂ ಅಜ್ಜನದೇ. ಮಕ್ಕಳಲ್ಲಿ ಒಬ್ಬ ಊರಲ್ಲಿ ಉಳುತ್ತಾನೆ, ಇನ್ನೊಬ್ಬ ಮುಂಬಯಿಯ ಹೋಟೆಲಿನಲ್ಲಿ, ಮತ್ತೊಬ್ಬಳು ಮದುವೆಯಾಗಿ ಸೊಲ್ಲಾಪುರದಲ್ಲಿ, ಮೊಮ್ಮಗ ಹೈದರಾಬಾದಿನ ಕಂಪನಿಯಲ್ಲಿ. ಪೌತಿ ಖಾತೆ ಮಾಡಿಸಿಕೊಳ್ಳುವ ಕೆಲಸ ‘ಮುಂದಿನ ಸಲ ಊರಿಗೆ ಹೋದಾಗ’ ಎಂದು ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತದೆ. ನಾಡಿನ ಹೊರಗಿರುವ ಕನ್ನಡಿಗರಲ್ಲಿ ಇಂಥ ಪಾಲು ಇರುವವರು ಎಷ್ಟೋ ಮಂದಿ.

ಸ್ವಾಧೀನದ ನೋಟಿಸು ಈ ಪಹಣಿಯ ಹೆಸರನ್ನೇ ಹುಡುಕಿಕೊಂಡು ಬರುತ್ತದೆ. ಸತ್ತವರ ಹೆಸರಿಗೆ ಬಂದ ಕಾಗದ ಚಾವಡಿಯ ಗೋಡೆಗೆ ಅಂಟುತ್ತದೆ, ಇಲ್ಲವೇ ಊರಲ್ಲಿದ್ದ ಒಬ್ಬರ ಕೈ ಸೇರುತ್ತದೆ. ಆಕ್ಷೇಪಣೆಗೆ ಮೂವತ್ತು ದಿನ. ಹೊರಗಿದ್ದವರಿಗೆ ಗೊತ್ತಾಗುವುದು ದೀಪಾವಳಿಗೆ ಊರಿಗೆ ಬಂದಾಗ, ಗದ್ದೆಯಲ್ಲಿ ಕಲ್ಲು ನೆಟ್ಟಿರುವುದನ್ನು ಕಂಡ ಮೇಲೆ. ಪರಿಹಾರದ ಹಣ ಬಂದಾಗ ಅದೇ ಖಾತೆಯ ಗೋಜಲು ಅಣ್ಣತಮ್ಮಂದಿರನ್ನು ಸಿವಿಲ್ ಕೋರ್ಟಿಗೆ ಎಳೆಯುತ್ತದೆ. ಹೆಣ್ಣುಮಕ್ಕಳ ಪಾಲಂತೂ ಮೊದಲು ಮಾಯವಾಗುತ್ತದೆ, ಯಾಕೆಂದರೆ ಪಹಣಿಯಲ್ಲಿ ಅವರ ಹೆಸರು ಎಂದೂ ಏರಿರಲೇ ಇಲ್ಲ.

ಸರ್ಕಾರಕ್ಕೆ ಇವರನ್ನು ಹುಡುಕುವುದು ಅಸಾಧ್ಯ ಎನ್ನುವಂತಿಲ್ಲ. ಪಹಣಿಗೆ ಆಧಾರ್ ಜೋಡಿಸುವ ಕೆಲಸವನ್ನು ಇದೇ ಕಂದಾಯ ಇಲಾಖೆ ಹಳ್ಳಿಹಳ್ಳಿಯಲ್ಲಿ ಮಾಡಿಸಿತು. ಅದಕ್ಕಾಗಿ ಮೊಬೈಲ್ ಸಂಖ್ಯೆ ಕೇಳಲು ಬಂದ ಇಲಾಖೆಗೆ, ಭೂಮಿ ತೆಗೆದುಕೊಳ್ಳುವಾಗ ಅದೇ ಸಂಖ್ಯೆಗೆ ಒಂದು ಸಂದೇಶ ಕಳಿಸುವುದು ಕಷ್ಟವೇ?

ದಲಿತ ಕುಟುಂಬಗಳಿಗೆ ಮಂಜೂರಾದ ಜಮೀನಿನ ಮಾತು ಇನ್ನೂ ವಿಚಿತ್ರ. ಆ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ ಎಂದು 1978ರ ಪಿಟಿಸಿಎಲ್ ಕಾಯ್ದೆ ಕಟ್ಟುಮಾಡಿದೆ. ಬಡವನ ಕೈಯಿಂದ ಭೂಮಿ ಜಾರಿಹೋಗಬಾರದೆಂಬ ಒಳ್ಳೆಯ ಉದ್ದೇಶ. ಆದರೆ ಸ್ವಾಧೀನಕ್ಕೆ ಆ ತಡೆ ಇಲ್ಲ. ನೆರೆಯ ಸಾಹುಕಾರನಿಗೆ ಮಾರಬಾರದೆಂದು ಕಾದ ಸರ್ಕಾರವೇ ಮರುದಿನ ಬಂದು ತಾನೇ ತೆಗೆದುಕೊಳ್ಳಬಹುದು. ಒಂದು ತಲೆಮಾರಿಗೆ ಸಿಕ್ಕ ಎರಡು ಎಕರೆ ಮುಂದಿನ ತಲೆಮಾರಿನಲ್ಲಿ ಹೋಗಿಬಿಡುತ್ತದೆ.

ನಾಲ್ಕು ಪಟ್ಟು ಎಂಬ ಮಾತು

‘ಹಳ್ಳಿಯಲ್ಲಿ ಮಾರುಕಟ್ಟೆ ದರದ ನಾಲ್ಕು ಪಟ್ಟು ಕೊಡುತ್ತಾರೆ, ರೈತರಿಗೆ ಇನ್ನೇನು ಬೇಕು’ ಎಂಬ ಮಾತು ನಗರಗಳ ಊಟದ ಮೇಜುಗಳಲ್ಲಿ ಆಗಾಗ ಕೇಳುತ್ತದೆ. 2013ರ ಕಾಯ್ದೆಯ ಲೆಕ್ಕ ಹೀಗಿದೆ: ಮಾರುಕಟ್ಟೆ ಮೌಲ್ಯವನ್ನು ಗ್ರಾಮೀಣ ಪ್ರದೇಶದಲ್ಲಿ ಒಂದರಿಂದ ಎರಡರವರೆಗಿನ ಅಂಶದಿಂದ ಗುಣಿಸಬೇಕು, ಆಮೇಲೆ ಅಷ್ಟೇ ಮೊತ್ತವನ್ನು ಸಾಂತ್ವನ ಧನವಾಗಿ ಸೇರಿಸಬೇಕು. ನಾಲ್ಕು ಪಟ್ಟು ಎಂಬುದು ಅತಿ ಹೆಚ್ಚೆಂದರೆ ಸಿಗುವುದು. ಇನ್ನು ಮಾರುಕಟ್ಟೆ ಮೌಲ್ಯ ಎಂದರೆ ಕಾಗದದ ಮೌಲ್ಯ. ನೋಂದಣಿ ಇಲಾಖೆಯ ಮಾರ್ಗಸೂಚಿ ದರ ಮತ್ತು ಹಿಂದಿನ ಮೂರು ವರ್ಷದ ಕ್ರಯಪತ್ರಗಳಲ್ಲಿ ಬರೆದ ದರ. ಕ್ರಯಪತ್ರದಲ್ಲಿ ಬರೆಯುವ ದರಕ್ಕೂ ಕೈಯಿಂದ ಕೈಗೆ ಹೋಗುವ ದರಕ್ಕೂ ಇರುವ ಅಂತರ ಯಾರಿಗೂ ಗೊತ್ತಿಲ್ಲದ್ದಲ್ಲ.

ಉದಾಹರಣೆಗೆ, ಒಂದು ಊರಿನಲ್ಲಿ ಎಕರೆಗೆ ನಿಜವಾಗಿ ಒಂದು ಕೋಟಿ ರೂಪಾಯಿ ಇದ್ದು, ಕಾಗದದಲ್ಲಿ ಇಪ್ಪತ್ತು ಲಕ್ಷ ಇದೆ ಎಂದುಕೊಳ್ಳಿ. ಎರಡರಿಂದ ಗುಣಿಸಿದರೆ ನಲವತ್ತು ಲಕ್ಷ, ಸಾಂತ್ವನ ಧನ ಸೇರಿದರೆ ಎಂಬತ್ತು ಲಕ್ಷ. ನಾಲ್ಕು ಪಟ್ಟು ಸಿಕ್ಕ ರೈತ ಅದೇ ಊರಿನಲ್ಲಿ ಒಂದು ಎಕರೆ ಕೊಳ್ಳಲಾರ. ಸುತ್ತಮುತ್ತ ಯೋಜನೆಯ ಸುದ್ದಿ ಹಬ್ಬಿ ದರ ಏರಿದ ಮೇಲಂತೂ ಹತ್ತಿರದ ಊರಿನಲ್ಲೂ ಕೊಳ್ಳಲಾರ. ಇದು ಒಳ್ಳೆಯ ಕಾಯ್ದೆಯ ಲೆಕ್ಕ. 1966ರ ಕಾಯ್ದೆ ಪರಿಹಾರದ ವಿಚಾರಣೆಗೆ 1894ರ ಕಾಯ್ದೆಯನ್ನು ಆಧಾರವಾಗಿಟ್ಟುಕೊಂಡು ಬರೆದದ್ದು. ಅದರಡಿ ಹೆಚ್ಚಾಗಿ ನಡೆಯುವುದು ‘ಒಪ್ಪಂದದ ದರ’. ಒಂದು ಕಡೆ ಅಂತಿಮ ಅಧಿಸೂಚನೆ ಹಿಡಿದ ಅಧಿಕಾರಿ, ಇನ್ನೊಂದು ಕಡೆ ಭೂಮಿ ಆಗಲೇ ಹೋಗಿದೆ ಎಂದು ತಿಳಿದ ರೈತ. ಒಪ್ಪದಿದ್ದರೆ ಕೋರ್ಟು, ಕೋರ್ಟಿಗೆ ಎಷ್ಟು ವರ್ಷವೋ. ಇಂಥ ಮೇಜಿನ ಮೇಲೆ ಆಗುವ ಸಹಿಯನ್ನು ಒಪ್ಪಂದ ಎನ್ನುವುದು ಕನ್ನಡಕ್ಕೇ ಮಾಡುವ ಅನ್ಯಾಯ.

‘ಹಾಗಾದರೆ ಕೈಗಾರಿಕೆ ಬೇಡವೇ?’

ಈ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ನೇರ ಉತ್ತರ ಕೊಡಬೇಕು. ಕೈಗಾರಿಕೆ ಬೇಕು. ರಸ್ತೆ, ರೈಲು, ಕಾಲುವೆ, ಆಸ್ಪತ್ರೆ ಎಲ್ಲವೂ ಬೇಕು. ರೈಲು ಹಳಿ ಒಬ್ಬನ ಹೊಲದ ಬದುವಿನಲ್ಲಿ ತಿರುಗಿ ಹೋಗಲಾರದು. ಸಾವಿರ ಜನ ಒಪ್ಪಿ ಒಬ್ಬ ಒಪ್ಪದಿದ್ದರೆ ಕಾಲುವೆ ನಿಲ್ಲಬಾರದು. ಇಂಥ ಕಡೆ ಸರ್ಕಾರಕ್ಕೆ ಬಲವಂತದ ಅಧಿಕಾರ ಇರಲೇಬೇಕು. ಕಾರ್ಖಾನೆಯ ಸ್ಥಿತಿ ಹಾಗಲ್ಲ. ಅದು ಈ ಸರ್ವೆ ನಂಬರಿನಲ್ಲೇ ಆಗಬೇಕೆಂಬ ನಿಯಮ ಭೂಗೋಳದಲ್ಲಿಲ್ಲ.

ಕೊಡಲು ಮನಸ್ಸಿರುವ ರೈತರೂ ಇದ್ದಾರೆ ಎಂಬ ವಾದವೂ ನಿಜ. ದೇವನಹಳ್ಳಿಯ ಸ್ವಾಧೀನ ಕೈಬಿಟ್ಟ ದಿನವೇ ಮುಖ್ಯಮಂತ್ರಿಗಳು, ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಹೆಚ್ಚಿನ ದರಕ್ಕೆ ತೆಗೆದುಕೊಳ್ಳುವುದಾಗಿ ಹೇಳಿದರು. ಸರಿ. ಆದರೆ ಸ್ವಇಚ್ಛೆಯ ದಾರಿ ಇದ್ದೇ ಇತ್ತಾದರೆ ಮೂರೂಕಾಲು ವರ್ಷ ಬಲವಂತದ ದಾರಿ ಹಿಡಿದದ್ದು ಯಾಕೆ? ಬೇಡ ಎನ್ನುವ ಅಧಿಕಾರ ಇದ್ದವನು ಹೇಳುವ ‘ಹೂಂ’ಗೆ ಮಾತ್ರ ಬೆಲೆ. ಮಾರುವ ರೈತನ ಹಿತವನ್ನೂ ಕಾಯುವುದು ಮಾರದ ರೈತನ ಹಕ್ಕೇ. ಬೇಡ ಎನ್ನಬಲ್ಲವರು ಊರಲ್ಲಿದ್ದರೆ ಮಾರುವವನಿಗೂ ಒಳ್ಳೆಯ ದರ ಸಿಗುತ್ತದೆ.

ಕರ್ನಾಟಕದಲ್ಲಿ ಇನ್ನೊಂದು ಪ್ರಶ್ನೆಗೂ ಉತ್ತರ ಬೇಕಾಗಿದೆ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಬಾರದೆಂದು ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳು ತಡೆದಿದ್ದವು. 2020ರಲ್ಲಿ ಅವನ್ನು ತೆಗೆದುಹಾಕಲಾಯಿತು. ಉದ್ದಿಮೆಗಳು ರೈತರಿಂದ ನೇರವಾಗಿ ಕೊಳ್ಳಲಿ, ರೈತರಿಗೆ ಒಳ್ಳೆಯ ಬೆಲೆ ಸಿಗಲಿ ಎಂಬುದೇ ಆಗ ಕೊಟ್ಟ ಸಮರ್ಥನೆ. ಅದನ್ನು ನಂಬುವುದಾದರೆ ಈಗ ಕಂಪನಿಗಳು ಹಳ್ಳಿಗೆ ಬಂದು ಕೇಳಿ ಕೊಳ್ಳಬಹುದು. ಮಾರಲು ಸ್ವಾತಂತ್ರ್ಯ ಕೊಟ್ಟೆವು ಎನ್ನುವ ಬಾಯಿಯೇ ಮಾರದಿರುವ ಸ್ವಾತಂತ್ರ್ಯ ಇಲ್ಲ ಎನ್ನುವುದು ಯಾವ ನ್ಯಾಯ?

ಕಂಪನಿಗಳು ನೇರವಾಗಿ ಕೊಳ್ಳಲು ಹಿಂಜರಿಯುವುದಕ್ಕೆ ಕಾರಣ ಗುಟ್ಟೇನಲ್ಲ. ನೂರು ಜನರ ಖಾತೆ, ಪೋಡಿಯಾಗದ ಹಿಸ್ಸೆ, ಸತ್ತವರ ಹೆಸರು, ಬಾಕಿ ಇರುವ ವ್ಯಾಜ್ಯ ಇವುಗಳ ನಡುವೆ ಶುದ್ಧ ದಾಖಲೆಯ ನೂರು ಎಕರೆ ಒಟ್ಟುಗೂಡಿಸುವುದು ಕಷ್ಟ. ಮಂಡಳಿ ಸ್ವಾಧೀನ ಮಾಡಿಕೊಟ್ಟರೆ ಎಲ್ಲ ತೊಡಕೂ ಒಂದೇ ಏಟಿಗೆ ಅಳಿಸಿಹೋಗುತ್ತದೆ. ಅಂದರೆ ದಾಖಲೆ ಸರಿಯಾಗಿ ಇಡದ ತಪ್ಪು ಕಂದಾಯ ಇಲಾಖೆಯದು, ಆ ತಪ್ಪಿಗೆ ಭೂಮಿ ಕೊಡಬೇಕಾದವನು ರೈತ. ಭೂದಾಖಲೆ ಸರಿಪಡಿಸುವುದೇ ಕೈಗಾರಿಕೆಗೆ ಸರ್ಕಾರ ಮಾಡಬಹುದಾದ ದೊಡ್ಡ ಉಪಕಾರ.

ಇನ್ನು ಬಲವಂತದಿಂದ ಕೈಗಾರಿಕೆಗೆ ವೇಗ ಸಿಗುತ್ತದೆ ಎಂಬ ನಂಬಿಕೆ. ಸಿಂಗೂರಿನಲ್ಲಿ 2006ರಲ್ಲಿ ಸುಮಾರು 997 ಎಕರೆ ಹಿಡಿದರು. ಟಾಟಾ ನ್ಯಾನೊ ಕಾರ್ಖಾನೆ 2008ರಲ್ಲಿ ಗುಜರಾತಿನ ಸಾಣಂದಕ್ಕೆ ಹೋಯಿತು. 2016ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಸ್ವಾಧೀನವನ್ನೇ ರದ್ದುಮಾಡಿ ಭೂಮಿ ಹಿಂದಿರುಗಿಸಲು ಹೇಳಿತು. ಹತ್ತು ವರ್ಷದ ಕೊನೆಗೆ ಕಾರ್ಖಾನೆಯೂ ಇಲ್ಲ, ಬೆಳೆಯೂ ಇಲ್ಲ. ಚನ್ನರಾಯಪಟ್ಟಣದ 1,198 ದಿನದಲ್ಲಿ ಉದ್ದಿಮೆಗಳಿಗಾದರೂ ಸಿಕ್ಕಿದ್ದೇನು?

ಆಗಬೇಕಾದ ಕೆಲಸ

2024ರ ಮೇ 16ರಂದು, ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟ್ 300ಎ ವಿಧಿಯೊಳಗೆ ಅಡಗಿರುವ ಏಳು ಹಕ್ಕುಗಳನ್ನು ಪಟ್ಟಿ ಮಾಡಿತು. ಭೂಮಿ ತೆಗೆದುಕೊಳ್ಳುವ ವಿಷಯ ಮಾಲೀಕನಿಗೆ ತಿಳಿಸಬೇಕು. ಅವನ ಆಕ್ಷೇಪಣೆ ಕೇಳಬೇಕು. ಕಾರಣ ಕೊಟ್ಟು ತೀರ್ಮಾನ ತಿಳಿಸಬೇಕು. ಸಾರ್ವಜನಿಕ ಉದ್ದೇಶಕ್ಕೆ ಮಾತ್ರ ತೆಗೆದುಕೊಳ್ಳಬೇಕು. ನ್ಯಾಯಯುತ ಪರಿಹಾರ ಕೊಡಬೇಕು. ಪ್ರಕ್ರಿಯೆ ದಕ್ಷವಾಗಿ, ಗೊತ್ತಾದ ಕಾಲಮಿತಿಯಲ್ಲಿ ನಡೆಯಬೇಕು. ಕೊನೆಗೆ ಅದು ವಿಧಿವತ್ತಾಗಿ ಮುಗಿಯಬೇಕು. ದೇಶದ ಅತ್ಯುನ್ನತ ನ್ಯಾಯಾಲಯ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ, ಕಾಲಮಿತಿಯೇ ಇಲ್ಲದ 1966ರ ಕಾಯ್ದೆಯನ್ನು ಹಾಗೆಯೇ ಇಟ್ಟುಕೊಳ್ಳುವುದಕ್ಕೆ ಯಾವ ಸಮರ್ಥನೆಯಿದೆ?

ಇದಕ್ಕೆ ದೆಹಲಿಯನ್ನು ಕಾಯಬೇಕಾಗಿಲ್ಲ. ರಾಷ್ಟ್ರೀಯ ಹೆದ್ದಾರಿ, ರೈಲ್ವೆ ಮೊದಲಾದ ಹದಿಮೂರು ಕೇಂದ್ರ ಕಾಯ್ದೆಗಳಡಿ ಆಗುವ ಸ್ವಾಧೀನಕ್ಕೂ 2013ರ ಕಾಯ್ದೆಯ ಪರಿಹಾರ ಮತ್ತು ಪುನರ್ವಸತಿ ಸಲ್ಲಬೇಕೆಂದು ಕೇಂದ್ರ 2015ರಲ್ಲೇ ಆದೇಶಿಸಿತು. ಕರ್ನಾಟಕದ ವಿಧಾನಸಭೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಕೆಐಎಡಿಬಿ ಮತ್ತು ನಗರಾಭಿವೃದ್ಧಿ ಪ್ರಾಧಿಕಾರಗಳ ಸ್ವಾಧೀನಕ್ಕೆ 2013ರ ಕಾಯ್ದೆಯ ಪೂರ್ತಿ ವಿಧಾನವನ್ನು, ಅಧ್ಯಯನವನ್ನೂ ಒಪ್ಪಿಗೆಯನ್ನೂ ಸೇರಿಸಿ, ಅನ್ವಯ ಮಾಡಬಹುದು. ಮಂಡಳಿಯ ಮೂಲಕ ಕಂಪನಿಗೆ ಹೋಗುವ ಭೂಮಿಯನ್ನು ಖಾಸಗಿ ಉದ್ದೇಶವೆಂದೇ ಎಣಿಸಿ ಶೇ 80ರ ಒಪ್ಪಿಗೆ ಕೇಳಬಹುದು. ಒಂದು ವರ್ಷದಲ್ಲಿ ಅಂತಿಮ ಅಧಿಸೂಚನೆ, ಇನ್ನೊಂದು ವರ್ಷದಲ್ಲಿ ಐತೀರ್ಪು ಆಗದಿದ್ದರೆ ಪಹಣಿಯ ಆ ಸಾಲು ತಾನಾಗಿ ಅಳಿಯುವಂತೆ ಮಾಡಬಹುದು. ಪೂರ್ತಿ ಹಣ ಬ್ಯಾಂಕಿಗೆ ಬೀಳುವ ತನಕ ಯಾವ ಅಧಿಕಾರಿಯೂ ಹೊಲಕ್ಕೆ ಕಾಲಿಡಬಾರದು ಎನ್ನಬಹುದು. ಪಹಣಿಯಲ್ಲಿರುವವರಿಗಷ್ಟೇ ಅಲ್ಲ, ವಂಶವೃಕ್ಷದಲ್ಲಿರುವ ಪ್ರತಿ ವಾರಸುದಾರರಿಗೂ ನೋಟಿಸು ತಲುಪಿದ ದಿನದಿಂದಲೇ ಆಕ್ಷೇಪಣೆಯ ದಿನ ಎಣಿಸಬಹುದು. ಐದು ವರ್ಷ ಬಳಸದೆ ಬಿದ್ದ ಭೂಮಿಯನ್ನು ಮೂಲ ಮಾಲೀಕನಿಗೇ ಮೊದಲು ಕೊಡಬೇಕೆಂದು ಬರೆಯಬಹುದು. 2013ರ ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ, ಆದರೆ ಸರ್ಕಾರದ ಭೂ ಬ್ಯಾಂಕಿಗೆ ಸೇರಿಸುವ ಆಯ್ಕೆಯನ್ನೂ ಅಲ್ಲೇ ಇಟ್ಟು ಅದನ್ನು ಸಡಿಲ ಮಾಡಲಾಗಿದೆ.

ಇವು ಯಾವುವೂ ಕ್ರಾಂತಿಯಲ್ಲ. ಹಣಕಾಸು ಸಚಿವರು ಹೆದರಬೇಕಾದ ಖರ್ಚೂ ಅಲ್ಲ. ಬೇಕಿರುವುದು ಒಂದು ತಿದ್ದುಪಡಿ ಮಸೂದೆ ಮತ್ತು ಅದನ್ನು ಮಂಡಿಸುವ ಮನಸ್ಸು. ದೇವನಹಳ್ಳಿಯ ರೈತರಿಗೆ ಮಣಿದೆವು ಎಂದು ಹೇಳಿಕೊಳ್ಳುವ ಸರ್ಕಾರಕ್ಕೂ, ಆ ಅಧಿಸೂಚನೆ ಹೊರಡಿಸಿ ಈಗ ರೈತರ ಪರ ಮಾತಾಡುವ ವಿರೋಧ ಪಕ್ಷಕ್ಕೂ ಇದು ಪರೀಕ್ಷೆ. ಊರಿನಲ್ಲಿ ಪಾಲಿದ್ದು ಹೊರಗೆ ನೆಲೆಸಿದವರಿಗೂ ಒಂದು ಕೆಲಸವಿದೆ. ಮುಂದಿನ ಸಲ ಊರಿಗೆ ಹೋದಾಗ ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿ ನೋಡುವುದು, ಪೌತಿ ಖಾತೆಗೆ ಅರ್ಜಿ ಕೊಡುವುದು, ತಂಗಿಯ ಹೆಸರನ್ನೂ ಅದರಲ್ಲಿ ಬರೆಸುವುದು, ಹಾಗೆಯೇ ಊರಿನ ಶಾಸಕರನ್ನು ಕಂಡು 1966ರ ಕಾಯ್ದೆಯ ಬಗ್ಗೆ ಅವರ ನಿಲುವೇನು ಎಂದು ಕೇಳುವುದು.

ಮುಂದಿನ ನೋಟಿಸು ಯಾವ ಊರಿನ ಚಾವಡಿಗೆ ಅಂಟುತ್ತದೋ ಯಾರಿಗೂ ಗೊತ್ತಿಲ್ಲ. ಆ ಊರಿನವರು ಕೆಲಸ ಬಿಟ್ಟು ಚಪ್ಪರ ಹಾಕಿ ದಿನ ಎಣಿಸುತ್ತ ಕೂರುವಂತಾಗಬಾರದು. ಬೇಡ ಎಂದು ಬರೆದುಕೊಟ್ಟು ಮನೆಗೆ ಹೋಗಿ ರಾಗಿ ಕೊಯ್ಯುವಂತಾಗಬೇಕು.